ಕಿತ್ತೂರಿನಲ್ಲಿ ನಿಂತ ಕುದುರೆ ಲಾರಿ

“ಈ ಸಲ ಬೆಂಗಳೂರ ಡರ್ಬಿ ಯಾವ ಕುದುರಿ ಗೆಲ್ಲತೈತೋ?”

ಯಾರ ಮುಖವನ್ನೂ ನೋಡದೆ ಕೇಳಿದವನು ಹನುಮಪ್ಪ, ಪುಣೆಯ ರೇಸಿನ ಲಾಯ ಬಿಟ್ಟು ಊರಿಗೆ ಮರಳಿದವನು. ಹೆದ್ದಾರಿಯ ಚಹದಂಗಡಿಯಲ್ಲಿ ಬಸ್ಸು ಕಾಯುತ್ತ ವಚನ ಗುನುಗುತ್ತಿದ್ದ ರಾಚವ್ವ ಇತ್ತ ತಿರುಗಿದಳು. ಅದೇ ಲಾಯದಿಂದ ಕುದುರೆ ಲಾರಿ ತಂದಿದ್ದ ಗೌತಮ ಚಹದ ಬಸಿ ಕೆಳಗಿಟ್ಟ.

“ನಮ್ಮ ಬಿಜಲಿನ ಗೆಲ್ಲತಾಳ, ಕಾಕಾ.”

“ನೆಲ ಗಟ್ಟಿ ಇದ್ರ ಖರೇ. ಮಳಿ ಆತಂದ್ರ ಕೆಸರಿಗೆ ಹೇಸತಾಳ, ಹೊಸಾ ಸೊಸಿ ಹಾಂಗ.”

“ಇನ್ನೂ ನೆನಪೈತಿ?”

“ಆಕಿ ಮಗ್ಗಲದಾಗ ಮಲಗಿ ಬೆಳೆಸೇನೋ! ಲಾರ್ಯಾಗ ಅದಾಳೇನು?”

“ಅದಾಳ.”

“ಬಾಗಲಾ ಸ್ವಲ್ಪ ಸರಸಪಾ. ಒಮ್ಮೆ ಕೊಳ್ಳ ಸವರತೇನಿ.”

“ನೀವು ಬಿಟ್ಟು ಬಂದ ಮ್ಯಾಲ ವಾರಗಟ್ಟಲೆ ಹುಲ್ಲು ಮುಟ್ಟಲಿಲ್ಲಾಕಿ. ಈಗ ನಿಮ್ಮ ವಾಸನಿ ಹತ್ತಿದ್ರ ಡರ್ಬಿಗೆ ಏನ ಓಡ್ತಾಳ?” ಗೌತಮ ಎದ್ದು ಲಾರಿಯತ್ತ ನಡೆದ. “ಬಾಗಲಾ ತಗಿಯಂಗಿಲ್ಲ, ಕಾಕಾ.”