ಎಡಗಡೆಯ ಏಳನೇ ಹಲಗೆ

ಮೆಲ್ಲಗೆ ಕೂತ್ಕೊಳ್ಳಿ. ಒಳಗೆ ರಾಜಣ್ಣ ಮಲಗಿದ್ದಾನೆ. ಇದು ಅವನಿಗೇ ಆದದ್ದು, ನನ್ನ ಚಿಕ್ಕಪ್ಪನ ಮಗನಿಗೆ. ಅವನ ಎದುರಿಗೆ ನಾನು ಈ ಮಾತನ್ನ ಯಾವತ್ತೂ ಎತ್ತಿದವನಲ್ಲ. ಈಗ ಕರೆಂಟು ಹೋಗಿದೆ, ನನ್ನ ಮುಖ ಯಾರಿಗೂ ಕಾಣುವುದಿಲ್ಲ... ಅದಕ್ಕೇ ಹೇಳುತ್ತೇನೆ.

ಗುಂಡಾಲ್ ಡ್ಯಾಮಿನ ಕಡೆಯಿಂದ ಕಾಮಗೆರೆಗೆ ಬರುವ ಮಣ್ಣುದಾರಿಯಲ್ಲಿ ಒಂದು ಹಾಳುಬಾವಿ ಇದೆ. ನಾಲ್ಕು ವರ್ಷದ ಹಿಂದೆ, ರಾತ್ರಿ ಒಂಬತ್ತರ ಮೇಲೆ, ನಾವಿಬ್ಬರೂ ಕೆಲಸ ಮುಗಿಸಿ ಕೊಳ್ಳೇಗಾಲದ ಬಸ್ಸಿಗೆ ನಡೆದುಕೊಂಡು ಬರುತ್ತಿದ್ದೆವು. ಬಾವಿಯ ಹತ್ತಿರ ಬಂದಾಗ ರಾಜಣ್ಣ ನಿಂತುಬಿಟ್ಟ.

"ಅಣ್ಣ... ಕೇಳುಸ್ತಾ?"

ಕೇಳಿಸಿತ್ತು. ನಮ್ಮ ಬೆನ್ನ ಹಿಂದೆ, ಒಂದು ಹೊಲದ ಆಚೆಯಿಂದ. ಸರಕ್... ಸರಕ್... ಸರಕ್. ಮೂರು ಸಲ. ಆಮೇಲೆ ಸುಮ್ಮನೆ. ಆಮೇಲೆ ಯಾರೋ ಬಾಯಿಂದ ದೂಳು ಊದಿದ ಹಾಗೆ... ಫೂ. ಮತ್ತೆ ಸರಕ್... ಸರಕ್...

"ಏನೂ ಇಲ್ವಲ್ಲ. ಕಪ್ಪೆ ಇರ್ಬೇಕು ಕಣ್ಲಾ."

"ಕಪ್ಪೆ ಊದ್ತದಾ ಅಣ್ಣ?"

ನಾನು ಬೇಗ ಬೇಗ ಹೆಜ್ಜೆ ಹಾಕಿದೆ.

"ಯಾರೋ ಅಡಗಲ್ಲಿ ಮರ ಉಜ್ತಾ ಅವ್ರೆ," ಅಂದ ಅವನು.

ಏನು ಮಹದೇವು, ನಗುತ್ತೀಯಾ? ಕಾಮಗೆರೆಯಲ್ಲಿ ಎಲ್ಲಿಯ ಹಡಗು ಅಂತಲಾ? ನೋಡಿ, ದೆವ್ವ ಅಂದರೆ ಎಲ್ಲರೂ ನಂಬುತ್ತಾರೆ, ಹಡಗು ಅಂದರೆ ಒಬ್ಬನೂ ನಂಬುವುದಿಲ್ಲ! ಶಾಂತಮೂರ್ತಿ ಅಂತ ಒಬ್ಬರು ಧಣಿಗಳು, ಡ್ಯಾಮಿನ ಕೆಳಗೆ ತೋಟ ಮಾಡಿದ್ದವರು, ಕೊಚ್ಚಿಯಿಂದ ಒಂದು ಹಳೇ ಮೋಟಾರು ಹಡಗು ತಂದಿದ್ದರು. ಸಾಹುಕಾರರು ಸಮುದ್ರದಲ್ಲಿ ಮೋಜಿಗೆ ಓಡಾಡುವಂಥದ್ದು. ಅವರು ಅದನ್ನ 'ಯಾಟ್' ಅನ್ನುತ್ತಿದ್ದರು. ಉದ್ದದ ಲಾರಿಯಲ್ಲಿ ಬಂತು. ಸಿಮೆಂಟು ಕಂಬದ ಮೇಲೆ, ರಾಗಿಹೊಲದ ನಡುವೆ ನಿಲ್ಲಿಸಿದರು. ಒಳಗೆಲ್ಲ ರಿಪೇರಿ ಮಾಡಿ, ಊರಿಂದ ಬಂದವರು ತಂಗೋ ರೂಮು ಮಾಡಬೇಕು ಅಂತ ಅವರ ಆಸೆ. ಕಾಮಗೆರೆಯ ಹೆಂಗಸರು ಕಂಕುಳಲ್ಲಿ ಮಕ್ಕಳನ್ನ ಎತ್ತಿಕೊಂಡು ಬಂದು ನೋಡಿ, "ನೀರು ಎಲ್ಲವ್ವಾ?" ಅಂತ ಕೇಳಿ ಹೋಗುತ್ತಿದ್ದರು.

ದೀಪದ ಕೆಲಸ ನಂದು. ನಾನು ಯಾರು? ಲೈಟ್ ಸ್ವಾಮಣ್ಣ! ಕೊಳ್ಳೇಗಾಲದಲ್ಲಿ ನಾನು ಸ್ವಿಚ್ಚು ಒತ್ತದೆ ಮದುವೆ ಶುರುವಾಗದ ಕಾಲ ಒಂದಿತ್ತು. ಹನೂರಿನಲ್ಲಿ ನಾನು ಕಟ್ಟಿದ ದೀಪದ ಸೀರಿಯಲ್ ಸೆಟ್ಟು ನೋಡಿ ವಿಮಾನ ಇಳಿಯೋಕೆ ಬಂದಿತ್ತು, ಜಾಗ ಸಾಲದೆ ವಾಪಸ್ ಹೋಯಿತು. ಮರದ ಕೆಲಸ ರಾಜಣ್ಣಂದು. ಅವನು ನನ್ನ ಹಾಗಲ್ಲ, ಬಾಯಿ ಕಡಿಮೆ, ಕೈ ಜಾಸ್ತಿ. ಕೊಳ್ಳೇಗಾಲದಲ್ಲಿ ರೇಷ್ಮೆ ಮಗ್ಗ ರಿಪೇರಿ ಮಾಡುತ್ತಿದ್ದ ದೊಡ್ಡಸಿದ್ದಯ್ಯನವರ ಹತ್ತಿರ ಕಲಿತವನು.

ಆ ಹಡಗಿನ ಒಳಗೋಡೆಗೆ ಎರಡೂ ಕಡೆ ಹನ್ನೊಂದು ಹನ್ನೊಂದು ತೇಗದ ಹಲಗೆ. ಹಡಗಿನ ಹೊಟ್ಟೆ ಬಾಗಿದ ಹಾಗೆ ಹಲಗೆಯೂ ಬಾಗಬೇಕು. ಬಲಗಡೆಯದು ನೀರು ಕುಡಿದು ಪುಡಿಯಾಗಿತ್ತು, ರಾಜಣ್ಣ ಎಲ್ಲವನ್ನೂ ಹೊಸದಾಗಿ ಮಾಡಿದ. ಎಡಗಡೆಯದು ಹಳೆಯದೇ. ಮೇಲಿನ ಬಣ್ಣ ಕೆರೆದು ಪಾಲಿಶ್ ಕೊಟ್ಟದ್ದು ಅಷ್ಟೇ. ಅಯ್ಯೋ, ಎಂಥಾ ಕೆಲಸ ಅದು! ಹಲಗೆಗೂ ಹಲಗೆಗೂ ನಡುವೆ ಉಗುರು ಹೋಗುತ್ತಿರಲಿಲ್ಲ.

ಎಡಗಡೆಯ ಏಳನೇ ಹಲಗೆಯ ಮೇಲೆ ಒಂದು ಹಿತ್ತಾಳೆ ದೀಪ ಇತ್ತು. "ಇದನ್ನ ಕಿತ್ತು ಎಲ್‌ಇಡಿ ಪಟ್ಟಿ ಎಳೀತೀನಿ" ಅಂದೆ. ವೈರು ನೋಡೋಕೆ ರಾಜಣ್ಣ ಎರಡು ಸ್ಕ್ರೂ ಬಿಚ್ಚಿ ಹಲಗೆ ತೆಗೆದ. ಹಿಂಬದಿಯಲ್ಲಿ ಪೆನ್ಸಿಲ್ಲಿನ ಬರಹ. ತಮಿಳು. ನಮ್ಮವ್ವ ತಾಳವಾಡಿ ಕಡೆಯವಳಾದ್ದರಿಂದ ನನಗೆ ಒಂದಿಷ್ಟು ಓದೋಕೆ ಬರುತ್ತೆ. 'ಸೂಸೈ. ವಿಳಕ್ಕು ಇಂಗೆ.' ಸೂಸೈ ಅನ್ನೋದು ಕಟ್ಟಿದವನ ಹೆಸರು, ವಿಳಕ್ಕು ಇಂಗೆ ಅಂದರೆ ದೀಪ ಇಲ್ಲಿ.

ನಾನು ಹಿತ್ತಾಳೆ ದೀಪಕ್ಕೆ ಹೊಸ ಬಲ್ಬು ಹಾಕಿ ಒತ್ತಿದೆ. ಬೆಳಕು ಓರೆಯಾಗಿ ಗೋಡೆ ಮೇಲೆ ಬಿತ್ತು ನೋಡಿ... ಹನ್ನೊಂದೂ ಹಲಗೆಯ ಗೆರೆ ಒಂದಕ್ಕೊಂದು ಸೇರಿ, ನೀರು ಹರಿದ ಹಾಗೆ ಕಂಡಿತು. ಆ ಸೂಸೈ ಅನ್ನೋನು ದೀಪ ಎಲ್ಲಿ ಬರುತ್ತೆ ಅಂತ ಲೆಕ್ಕ ಹಾಕಿಯೇ ಮರ ಆರಿಸಿದ್ದ.

ರಾಜಣ್ಣ ಆ ಹೆಸರನ್ನ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ದೊಡ್ಡಸಿದ್ದಯ್ಯನವರು ಹೇಳಿಕೊಟ್ಟ ಪದ್ಧತಿ ಅದು. ಹಳೇ ಮಗ್ಗ ಬಿಚ್ಚಿದರೆ ಒಳಮರದಲ್ಲಿ ಮೊದಲು ಕಟ್ಟಿದವನ ಹೆಸರು ಇರುತ್ತೆ. ರಿಪೇರಿ ಮಾಡಿದವನು ಅದರ ಕೆಳಗೆ ತನ್ನ ಹೆಸರು ಬರೆದು ಮುಚ್ಚಬೇಕು. ಮೇಲಿನ ಹೆಸರು ಅಳಿಸಿದರೆ ಕೆಳಗಿನವನು ಕಳ್ಳ. ರಾಜಣ್ಣ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಬರೆದ: 'ರಾಜಣ್ಣ, ಕೊಳ್ಳೇಗಾಲ.'

"ದೀಪ ನಿಂದಲ್ವಾ ಅಣ್ಣ, ನೀನೂ ಬರಿ."

"ನನ್ನೆಸ್ರಿಗೆ ಅಲಗೆ ಸಾಲ್ದು ಕಣ್ಲಾ. ಅದುಕ್ಕೆ ಟೌನಲ್ಲಿ ಬೋರ್ಡು ಬೇಕು."

ಹೀಗೆ ನಾನು. ಬಾಯಿ ಸುಮ್ಮನಿದ್ದಿದ್ದರೆ...

ಮಾರನೇ ದಿನ ಸಂಜೆ ಧಣಿಗಳು ಬಂದರು. ದೀಪ ಹೊತ್ತಿಸಿದೆ. ಅವರು ಗೋಡೆಯ ಹತ್ತಿರ ಬಂದು ಹಲಗೆ ಸವರಿ ನೋಡಿದರು. "ಇದೆಲ್ಲ ಯಾರು ಮಾಡಿದ್ದು?"

"ಎಲ್ಡೂ ಕಡೆ ನಮ್ ತಮ್ಮನೇ ಸಾ! ಅಳೇದೆಲ್ಲ ಉಳ ತಿಂದಿತ್ತು. ಕಿತ್ತಾಕಿ ಒಸದಾಗಿ ಮಾಡವ್ನೆ. ಲೈಟಿನ ಐಡಿಯಾ ಮಾತ್ರ ನಂದು."

ರಾಜಣ್ಣ ಬಾಯಿ ತೆರೆದ. ನಾನು ಅವನ ಕಾಲು ತುಳಿದೆ. ಧಣಿಗಳು ಅವನ ಎರಡೂ ಕೈ ಹಿಡಿದುಕೊಂಡರು. "ನಾಳೆ ಮೈಸೂರಿಂದ ನಮ್ಮ ಎಂಜಿನಿಯರು ಬರ್ತಾರೆ. ಒಂದು ಹಲಗೆ ಬಿಚ್ಚಿ ತೋರಿಸಿ, ಹೆಂಗೆ ಬಗ್ಗಿಸಿದ್ರಿ ಅಂತ ನೋಡ್ಲಿ" ಅಂದು ಹೋದರು.

"ನಾಳೆ ನಿಜ ಯೋಳ್ಬುಡು ಅಣ್ಣ," ಅಂದ ರಾಜಣ್ಣ. ಅಷ್ಟೇ. ಬೈಯಲಿಲ್ಲ. ಉಳಿ, ಹತ್ತರಿ ಎತ್ತಿಕೊಂಡು ತೊಟ್ಟಿಯ ಹತ್ತಿರ ಕೈ ತೊಳೆಯೋಕೆ ಹೋದ.

ನಾನು ಒಬ್ಬನೇ ಉಳಿದೆ. ಬಿಚ್ಚೋಕೆ ಸುಲಭ ಅಂದರೆ ಏಳನೇ ಹಲಗೆಯೇ, ಎರಡೇ ಸ್ಕ್ರೂ. ಬಿಚ್ಚಿದರೆ ಸೂಸೈ. ಲೈಟ್ ಸ್ವಾಮಣ್ಣ ಸುಳ್ಳುಗಾರ ಅಂತ ಎಂಜಿನಿಯರು ನಗುತ್ತಾನೆ... ಮರ ಉಜ್ಜೋ ಪಾಲಿಶ್ ಪೇಪರ್ ಕೈಗೆ ಸಿಕ್ಕಿತು. ಸರಕ್, ಸರಕ್, ಸರಕ್. ಊದಿದೆ, ಫೂ. ಮತ್ತೆ ಸರಕ್. ಸೂಸೈ ಹೋದ. ದೀಪದ ಮಾತೂ ಹೋಯಿತು. ಕೆಳಗಿನ ರಾಜಣ್ಣನ ಹೆಸರನ್ನ ಹಾಗೇ ಬಿಟ್ಟೆ. ಸ್ಕ್ರೂ ಬಿಗಿದೆ. ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೆ.

ಈಗ ತಿಳಿಯಿತಲ್ಲ, ಬಾವಿಯ ಹತ್ತಿರ ನಾನು ಕಪ್ಪೆ ಅಂದದ್ದು ಯಾಕೆ ಅಂತ? ಆ ಸದ್ದು ನಂದೇ. ಸ್ವಲ್ಪ ಹೊತ್ತಿನ ಮುಂಚೆ ನಾನು ಮಾಡಿದ್ದ ಸದ್ದು.

"ಮರ ಕೆಡುಸ್ಬುಡ್ತಾರೆ, ಬಾ ಅಣ್ಣ," ಅಂತ ರಾಜಣ್ಣ ತಿರುಗಿ ನಡೆದ. ಬಸ್ಸು ಹೋಗುತ್ತೆ ಅಂದೆ. ಹಾವು ಇರುತ್ತೆ ಅಂದೆ. ಕೇಳಲಿಲ್ಲ. ಹಿಂದೆ ಹೋದೆ. ಹೊಲದ ಅಂಚಿಗೆ ಬಂದಾಗ...

ಹಡಗಿನ ಎಡಗಡೆ ಕಿಟಕಿಯಲ್ಲಿ ಬೆಳಕು. ಹಳದಿ ಬೆಳಕು.

ಜೇಬು ಮುಟ್ಟಿ ನೋಡಿಕೊಂಡೆ. ಫ್ಯೂಸು ಅಲ್ಲೇ ಇತ್ತು.

"ಯಾರ್ಲಾ ಅದು?" ಅಂತ ರಾಜಣ್ಣ ಪಿಸುಗುಟ್ಟಿದ. ಏಣಿ ಹತ್ತಿದ. ಏಣಿ ಕಿರ್ ಅಂದ ಕೂಡಲೇ ಒಳಗಿನ ಸದ್ದು ನಿಂತಿತು. ಒಳಗೆ ಯಾರೂ ಇಲ್ಲ. ಹಿತ್ತಾಳೆ ದೀಪ ಉರಿಯುತ್ತಿತ್ತು, ಗೋಡೆಯ ಮೇಲೆ ಆ ನೀರು ಹರಿಯುತ್ತಿತ್ತು. ಏಳನೇ ಹಲಗೆಯ ಕೆಳಗೆ ಮರದ ಹುಡಿ, ಒಂದು ಹಿಡಿಯಷ್ಟು. ನಾನು ಉಜ್ಜಿದ್ದು ಚಿಟಿಕೆಯಷ್ಟೂ ಇರಲಿಲ್ಲ, ಅದನ್ನೂ ಒರೆಸಿದ್ದೆ.

ರಾಜಣ್ಣ ಸ್ಕ್ರೂ ಬಿಚ್ಚಿದ. ಹಲಗೆ ತಿರುಗಿಸಿದ. ದೀಪದ ಹತ್ತಿರ ಹಿಡಿದು ನೋಡಿದ... ಇನ್ನೂ ಹತ್ತಿರ ಹಿಡಿದ.

"ಅಣ್ಣ. ಸೂಸೈ ಇಲ್ಲ."

ನಾನು ನೆಲದ ಮೇಲಿನ ಹುಡಿಯ ಕಡೆ ತಿರುಗಿದೆ.

"ನನ್ನೆಸ್ರು ಮಾತ್ರ ಅದೆ..." ಅವನು ಹೆಬ್ಬೆರಳಿನಿಂದ ಆ ಜಾಗ ಸವರಿದ. "ಅಲಗೆ ವಾಪಸ್ ಕೂರ್ಸುವಾಗ ನಾನೇ ಉಜ್ಜಾಕ್ಬುಟ್ನಾ ಅಣ್ಣ? ಗ್ಯಾನ ಇಲ್ದಂಗೆ?"

ಒಂದೇ ಮಾತು ಸಾಕಿತ್ತು. 'ಇಲ್ಲ ಕಣ್ಲಾ, ನಾನು.' ಮೂರು ಪದ. ಮದುವೆ ಮನೆಯಲ್ಲಿ ಮೂರು ಗಂಟೆ ಮಾತಾಡೋ ಬಾಯಿ ಇದು.

"ಇರ್ಬೋದು ಕಣ್ಲಾ," ಅಂದೆ.

ದೀಪ ಆರಿತು. ಕತ್ತಲೆಯಲ್ಲಿ, ನನ್ನ ಕಿವಿಯ ಪಕ್ಕದಲ್ಲೇ... ಫೂ. ಮುಖದ ಮೇಲೆ ಹುಡಿ ಬಂದು ಬಿತ್ತು. ಬಾಯಿಗೂ ಹೋಯಿತು. ತೇಗದ ಕಹಿ. ರಾಜಣ್ಣ ನನ್ನಿಂದ ಎರಡು ಮಾರು ದೂರದಲ್ಲಿ, ನೆಲದಲ್ಲಿ ಕೂತು ಅಳುತ್ತಿದ್ದ.

ಬೆಳಿಗ್ಗೆ ಎಂಜಿನಿಯರು ಬಂದರು. ರಾಜಣ್ಣ ಹಲಗೆ ಬಿಚ್ಚಿ ತೋರಿಸಿ, ತಲೆ ತಗ್ಗಿಸಿ ಹೇಳಿದ: "ಈ ಕಡೇದು ನಂದಲ್ಲ ಸಾ. ಸೂಸೈ ಅನ್ನೋರ್ದು. ಅವ್ರೆಸ್ರು ನನ್ ಕೈಲಿ ಅಳ್ಸೋಯ್ತು."

ಎಂಜಿನಿಯರು ಹಲಗೆ ನೋಡಿದರು. ಅಲ್ಲಿದ್ದದ್ದು ರಾಜಣ್ಣನ ಹೆಸರೊಂದೇ. ನಕ್ಕುಬಿಟ್ಟರು. "ಇಷ್ಟು ವಿನಯ ಒಳ್ಳೇದಲ್ಲಪ್ಪ!" ಧಣಿಗಳು ನನ್ನ ಕಡೆ ತಿರುಗಿದರು. "ಏನ್ ಸ್ವಾಮಣ್ಣ, ನಿಮ್ಮ ತಮ್ಮ ಯಾವಾಗ್ಲೂ ಹಿಂಗೇನಾ?"

"ಅವ್ನು ಮೊದ್ಲಿಂದ್ಲೂ ಅಂಗೇ ಸಾ," ಅಂದೆ.

ಶಾಲು ಹೊದಿಸಿದರು. ರಾಜಣ್ಣ ಆ ಶಾಲನ್ನ ಹಡಗಿನಲ್ಲೇ ಮಡಿಸಿಟ್ಟು ಬಂದ. ಅವತ್ತಿನಿಂದ ಯಾವ ಮರದ ಮೇಲೂ ಅವನು ಹೆಸರು ಬರೆದಿಲ್ಲ. ಮಧು, ನಿಮ್ಮಪ್ಪ ಕಿವಿಯ ಮೇಲೆ ಪೆನ್ಸಿಲ್ ಇಟ್ಟುಕೊಳ್ಳದೆ ಮೊಳೆಯಲ್ಲಿ ಗೀಟು ಹಾಕುವುದು ಯಾಕೆ ಅಂತ ಕೇಳುತ್ತಿದ್ದೆಯಲ್ಲ? ಇದಕ್ಕೇ ಕಣವ್ವ. ಮಗ್ಗದವರು ಹೆಸರು ಬರಿ ಅಂದರೆ, "ನಂಗೆ ಅದರ ಯೋಗ್ತೆ ಇಲ್ಲ" ಅನ್ನುತ್ತಾನೆ. ಹೇಳೋಣ ಅಂತ ನಾನು ಈ ಮನೆಗೆ ಎಷ್ಟು ಸಲ ಬಂದಿಲ್ಲ! ಬಂದು ವಿಮಾನದ ಕತೆ ಹೇಳಿ, ಎಲ್ಲರನ್ನೂ ನಗಿಸಿ, ಕಾಫಿ ಕುಡಿದು ಎದ್ದು ಹೋಗಿದ್ದೇನೆ.

ಮೊನ್ನೆ ಸೋಮವಾರ ಧಣಿಗಳು ಫೋನ್ ಮಾಡಿದರು. ಹಿತ್ತಾಳೆ ದೀಪ ಕೆಟ್ಟಿದೆ, ಬನ್ನಿ ಅಂತ. ಒಬ್ಬನೇ ಹೋದೆ. ಹಾಡುಹಗಲು. ಹಲಗೆ ಬಿಚ್ಚಿದೆ...

"ದೊಡ್ಡಪ್ಪ. ಅಪ್ಪ ಕೆಮ್ತಾವ್ರೆ. ಎದ್ದವ್ರೆ ಅನ್ಸುತ್ತೆ."

ಗೊತ್ತು ಮಧು. ಆಗಲೇ ಎದ್ದಿದ್ದಾನೆ. ನಾನು ಗಟ್ಟಿಯಾಗಿ ಹೇಳೋಕೆ ಶುರು ಮಾಡಿ ಎಷ್ಟೊತ್ತಾಯಿತು, ನೀವ್ಯಾರೂ ಗಮನಿಸಲಿಲ್ಲ. ಲೋ ರಾಜಣ್ಣ... ಬಾಗಿಲಲ್ಲೇ ನಿಂತ್ಕೊ, ಹತ್ರ ಬರ್ಬೇಡ, ಕೇಳು. ಉಜ್ಜಿದ್ದು ನೀನಲ್ಲ. ನಾನು ಕಣ್ಲಾ.

...

ಉಳಿದದ್ದನ್ನೂ ಹೇಳಿಬಿಡುತ್ತೇನೆ. ಸುಳ್ಳು ಅನ್ನೋರು ನಾಳೆ ಬೆಳಿಗ್ಗೆ ಬಸ್ಸು ಹತ್ತಿ, ಧಣಿಗಳ ತೋಟದಲ್ಲಿ ನನ್ನ ಹೆಸರು ಹೇಳಿ. ಹೆಸರು ಅಂದರೆ ಲೈಟ್ ಸ್ವಾಮಣ್ಣ. ನಮ್ಮವ್ವ ಇಟ್ಟ ಹೆಸರು, ಗುರುಪಾದಸ್ವಾಮಿ, ಅಂದರೆ ಅಲ್ಲಿ ಯಾರಿಗೂ ತಿಳಿಯದು, ಆ ಹೆಸರನ್ನ ನಾನು ಅಲ್ಲಿ ಯಾರಿಗೂ ಹೇಳಿಲ್ಲ. ಎಡಗಡೆ, ಏಳನೇ ಹಲಗೆ, ಎರಡು ಸ್ಕ್ರೂ. ಮೇಲೆ ನಾನು ಉಜ್ಜಿದ ಜಾಗ ಬೆಳ್ಳಗೆ, ನುಣ್ಣಗೆ ಹಾಗೇ ಇದೆ. ಅದರ ಕೆಳಗೆ ರಾಜಣ್ಣನ ಹೆಸರು. ಅದರ ಕೆಳಗೆ, ತಮಿಳಿನಲ್ಲಿ, ಸೂಸೈ ಬರೆದಿದ್ದ ಅದೇ ಕೈಬರಹದಲ್ಲಿ: 'ಗುರುಪಾದಸ್ವಾಮಿ. ವಿಳಕ್ಕು.'

ನಾನು ಬೆರಳಿಟ್ಟು ನೋಡಿದೆ. ಪೆನ್ಸಿಲ್ಲಿನ ಕಪ್ಪು ಬೆರಳಿಗೆ ಹತ್ತಿತು.