ಹಿಂದಿನ ಸೀಟಿನ ರೈಟ್

ಮೊದಲು ಆ ಬಾಗಿಲು ಹಾಕಿ. ಕಥೆ ಅರ್ಧದಲ್ಲಿ ಅದು ಕಿರ್ರ್ ಅಂದ್ರೆ ಹೆದರೋರು ನೀವು, ಬೈಸಿಕೊಳ್ಳೋನು ನಾನು.

ನಮ್ಮ ಪಕ್ಕದ ಮನೆ ವೆಲ್ಡರ್ ಇದಾನಲ್ಲ, ಅವನು ರಾತ್ರಿ ಪಾಳಿ ಮುಗಿಸಿ ಬರುವಾಗ ಹಳೇ ಬಾವಿ ಹತ್ತಿರ ಬೈಕಿನ ಇಂಜಿನ್ ಆಫ್ ಮಾಡ್ತಾನೆ. ಇಳೀತಾನೆ. ತಿರುವು ದಾಟೋವರೆಗೂ ಆ ಭಾರದ ಗಾಡೀನ ತಳ್ಕೊಂಡೇ ಬರ್ತಾನೆ. ನೋಡಿದವರು ಪೆಟ್ರೋಲ್ ಮುಗಿದಿರಬೇಕು ಅಂದ್ಕೋತಾರೆ. ದಿನಾ ಅದೇ ಜಾಗದಲ್ಲಿ ಮುಗಿಯೋ ಪೆಟ್ರೋಲ್ ಯಾವುದು ಸ್ವಾಮಿ?

ಕೇಳಿ ಹಾಗಾದ್ರೆ. ಇದು ಅವನೇ ಹೇಳಿದ್ದು. ಒಂದು ಮಾತು ಸೇರಿಸಿಲ್ಲ.

ಅವನ ಅಕ್ಕನ ಗಂಡ ಮೊದಲು ಬಸ್ ಕಂಡಕ್ಟರ್. ಬಸ್ಸಿನ ಕೆಲಸ ಬಿಟ್ಟ ಮೇಲೆ ವೆಲ್ಡರ್ ದುಡಿಯೋ ಕಾರ್ಖಾನೆಯಲ್ಲೇ ಗೇಟ್ ಕಾಯೋಕೆ ಸೇರಿದ. ಎಲ್ಲರ ಬಾಯಲ್ಲೂ ಕಂಡಕ್ಟರ್ ಭಾವನೇ. ಸೀಟಿ ಹೋಯ್ತು, ಚೀಲ ಹೋಯ್ತು, ನಾಲಿಗೆ ಮಾತ್ರ ಬಸ್ಸಿನಿಂದ ಇಳೀಲಿಲ್ಲ. ಊಟಕ್ಕೆ ಕೂತ್ರೂ ಬಡಿಸು ಅನ್ನೋಕೆ ‘ರೈಟ್’, ಸಾಕು ಅನ್ನೋಕೆ ‘ಹೋಲ್ಡಾನ್’. ಅಕ್ಕ ಬೈದ್ರೆ ಅದಕ್ಕೂ ‘ಹೋಲ್ಡಾನ್’. ನಗಿಸಿ ಸಾಯಿಸೋ ಮನುಷ್ಯ.

ಇಬ್ಬರದೂ ಒಂದೇ ಪಾಳಿ. ಒಂದೇ ಬೈಕು. ವೆಲ್ಡರ್ ಮುಂದೆ, ಭಾವ ಹಿಂದೆ.

ಕಾರ್ಖಾನೆಯ ಓಣಿ ದೊಡ್ಡ ರಸ್ತೆಗೆ ಸೇರೋ ಕಡೆ ಬಲಕ್ಕೆ ಆ ಹಳೇ ಬಾವಿ, ಬಾವಿ ಹಿಂದೆ ಒಂದು ಗೋಡೆ. ಬಲಗಡೆಯಿಂದ ಏನು ಬರ್ತಿದೆ ಅಂತ ಓಡಿಸೋನಿಗೆ ಕಾಣಲ್ಲ. ನಿಲ್ಲಿಸಬೇಕು, ಕಾಲೂರಬೇಕು, ಕತ್ತು ಚಾಚಿ ನೋಡಬೇಕು. ಭಾವ ಮೊದಲೇ ಉದ್ದ, ಹಿಂದಿನ ಸೀಟು ಬೇರೆ ಎತ್ತರ. ಅವನಿಗೆ ಗೋಡೆ ಮೇಲಿಂದ ರಸ್ತೆ ಕಾಣ್ತಿತ್ತು. ನೋಡೋನು. ವೆಲ್ಡರನ ಹೆಲ್ಮೆಟ್ ಮೇಲೆ ಬೆರಳಿನ ಗೆಣ್ಣಿಂದ ಎರಡು ಸಲ... ಟಕ್ ಟಕ್. ‘ರೈಟ್!’

ವೆಲ್ಡರ್ ನುಗ್ಗಿಸೋನು. ಕತ್ತು ತಿರುಗಿಸ್ತಿರಲಿಲ್ಲ. ಒಂದು ದಿನ ಅಲ್ಲ, ಒಂದು ತಿಂಗಳಲ್ಲ, ಮೂರು ವರ್ಷ! ಕೆಲಸದಲ್ಲಿ ಎಂಥಾ ಹುಷಾರಿ ಗೊತ್ತಾ? ಮುಖಕ್ಕೆ ಕವಚ ಇಳಿಸದೆ ಒಂದು ಕಿಡಿ ಹಾರಿಸಿದವನಲ್ಲ. ಪಕ್ಕದವನು ‘ಏನಾಗಲ್ಲ, ಹಚ್ಚು’ ಅಂದ್ರೆ ಅವನಿಗೇ ಉಗೀತಿದ್ದ. ಅದೇ ಮಹಾನುಭಾವ ರಸ್ತೆಗೆ ಬಂದ್ರೆ ತನ್ನ ಕಣ್ಣನ್ನ ಭಾವನಿಗೆ ಗುತ್ತಿಗೆ ಕೊಟ್ಟು ಕೂತುಬಿಡ್ತಿದ್ದ.

ಹಿಂದೆ ಕೂರೋನಿಗೂ ಒಂದು ಹೆಲ್ಮೆಟ್ ತರೋಣ ಅಂತ ಒಮ್ಮೆ ಹೇಳಿದ್ನಂತೆ. ‘ಬೇಡ ಕಣೋ, ಕಿವಿ ಮುಚ್ಚಿದ್ರೆ ನನಗೆ ಏನೂ ತಿಳಿಯಲ್ಲ’ ಅಂದ ಭಾವ. ಆ ಮಾತು ಆಗ ತಮಾಷೆಯಾಗಿ ಕೇಳಿಸ್ತು.

ಆ ರಾತ್ರಿ...

ಬಾವಿ ಹತ್ತಿರ ಬಂದ್ರು. ಗಾಳಿ ಇರಲಿಲ್ಲ. ಇಂಜಿನ್ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದು. ಝಣ್... ಝಣ್... ಕಬ್ಬಿಣದ ಸರಪಳಿ ಟಾರಿನ ಮೇಲೆ ಎಳಕೊಂಡು ಬರೋ ಸದ್ದು. ಟ್ಯಾಂಕರ್ ಲಾರಿಗಳ ಹಿಂದೆ ನೇತಾಡುತ್ತಲ್ಲ, ಆ ಸರಪಳಿ. ಕಬ್ಬಿಣದ ಜೊತೆ ಬದುಕೋ ವೆಲ್ಡರನಿಗೆ ಅದು ಗೊತ್ತಾಗದೆ ಇರುತ್ತಾ? ಕೇಳಿಸ್ತು. ಚೆನ್ನಾಗೇ ಕೇಳಿಸ್ತು. ಬ್ರೇಕಿನ ಮೇಲೆ ಕಾಲೂ ಇಟ್ಟ.

ಟಕ್ ಟಕ್.

‘ರೈಟ್!’

ಭಾವನೇ ಅಂದ ಮೇಲೆ ಇನ್ನೇನು. ಕಾಲು ತೆಗೆದ. ನುಗ್ಗಿಸಿದ.

ಟ್ಯಾಂಕರಿಗೆ ದೀಪ ಇರಲಿಲ್ಲ. ಧಡ್ ಅಂತ ಒಂದೇ ಸದ್ದು. ಆಮೇಲೆ ಬೈಕಿನ ಚಕ್ರ ತಲೆಕೆಳಗಾಗಿ ಸುತ್ತೋ ಚರ ಚರ... ಅದೂ ನಿಧಾನಕ್ಕೆ ನಿಂತೋಯ್ತು.

ವೆಲ್ಡರನ ಕಾಲು ಮುರೀತು. ಭಾವ ಉಳೀಲಿಲ್ಲ.

ಪ್ಲಾಸ್ಟರ್ ಬಿಚ್ಚಿದ ದಿನ ಕುಂಟ್ಕೊಂಡು ಅಕ್ಕನ ಮನೆಗೆ ಹೋದ. ಅಕ್ಕ ಗಂಡನ ಬಟ್ಟೆ ಮಡಚಿ ಎತ್ತಿಡ್ತಿದ್ಲು. ಗೇಟಿನ ಕೆಲಸದ ಷರ್ಟಿನ ಜೇಬಿಂದ ನಾಲ್ಕು ಮಡಿಕೆಯ ಒಂದು ಚೀಟಿ ಬಿತ್ತು. ಅಕ್ಕ ಬಗ್ಗೋದ್ರೊಳಗೆ ಇವನು ಎತ್ಕೊಂಡ. ಕಣ್ಣಿನ ಡಾಕ್ಟರ ಚೀಟಿ. ಬಲಗಣ್ಣು ಪೂರ್ತಿ ಹೋಗಿದೆ, ದೃಷ್ಟಿ ಇಲ್ಲ. ತಾರೀಖು... ಒಂದು ವರ್ಷದ ಹಿಂದಿನದು.

ವೆಲ್ಡರ್ ಎರಡು ಸಲ ಓದಿದ. ಬಲಗಣ್ಣು. ಬಲಕ್ಕೇ ಅಲ್ವಾ ಭಾವ ನೋಡ್ತಿದ್ದಿದ್ದು? ಎಡಗಣ್ಣಲ್ಲಿ ನೋಡೋಕೆ ಮೈಯೆಲ್ಲ ತಿರುಗಿಸಬೇಕು, ಹಾಗೆ ತಿರುಗಿದ್ದು ಇವನಿಗೆ ಒಂದು ದಿನವೂ ಗೊತ್ತಾಗಿಲ್ಲ. ಒಂದು ವರ್ಷದಿಂದ ನೋಡ್ತಾನೇ ಇರಲಿಲ್ಲ. ಕಿವಿಗೊಟ್ಟು ಕೇಳಿ, ಅಂದಾಜಿನ ಮೇಲೆ, ಬಾಯಿಗೆ ಬಂದ ಹಾಗೆ...

‘ಅಕ್ಕಾ, ನಿಂಗೆ ಗೊತ್ತಿತ್ತಾ?’

ಅಕ್ಕ ಷರ್ಟು ಮಡಚ್ತಾನೇ ಇದ್ಲು.

‘ಅಕ್ಕಾ.’

‘ಗೊತ್ತಿತ್ತು ಕಣೋ. ಹೇಳಿದ್ರೆ ಗೇಟಿನ ಕೆಲಸ ಹೋಗ್ತಿತ್ತು. ಯಾರಿಗೂ ಹೇಳಬೇಡ ಅಂತ ಆಣೆ ಇಡಿಸ್ಕೊಂಡಿದ್ರು.’

‘ನಾನು ಯಾರೋನಾ? ನಂಬಿಸಿ ಕತ್ತು ಕೊಯ್ದ್ರಲ್ಲೇ ಇಬ್ಬರೂ! ಒಡಹುಟ್ಟಿದೋಳು ನೀನು. ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?’

ಅಕ್ಕ ಆಗ ತಲೆ ಎತ್ತಿದ್ಲು. ಅಳ್ತಿರಲಿಲ್ಲ.

‘ಅವರ ಕಣ್ಣಲ್ಲಿ ನೀನು ಗಾಡಿ ಓಡಿಸ್ತಿದ್ದೀಯ ಅಂತ ನಂಗೇನು ಗೊತ್ತು? ಓಡಿಸೋನು ನೋಡ್ಕೊಂಡು ಓಡಿಸ್ತಾನೆ ಅಂದ್ಕೊಂಡಿದ್ದೆ. ಹ್ಯಾಂಡಲ್ ಯಾರ ಕೈಯಲ್ಲಿತ್ತೋ?’

ಸರಪಳಿ ಸದ್ದು ಕೇಳಿಸಿದ್ದನ್ನ ವೆಲ್ಡರ್ ಯಾರಿಗೂ ಹೇಳಿರಲಿಲ್ಲ. ಅಕ್ಕನಿಗೂ ಹೇಳದೆ ಎದ್ದು ಬಂದ. ಕೆಂಡದಂಥ ಸಿಟ್ಟು. ಕುಲುಕುಲು ನಗಿಸ್ತಾ ವರ್ಷವಿಡೀ ಕಣ್ಣಿಗೆ ಮಣ್ಣೆರಚಿದ ಭಾವನ ಮೇಲೆ, ಬಾಯಿಮುಚ್ಚಿಕೊಂಡಿದ್ದ ಅಕ್ಕನ ಮೇಲೆ. ತನ್ನ ಮೇಲೆ ಇತ್ತೋ ಇಲ್ವೋ, ಆಗ ಕೇಳಿದ್ರೆ ಹೇಳ್ತಿರಲಿಲ್ಲ.

ಬೈಕು ರಿಪೇರಿ ಆಯ್ತು. ಕೆಲಸಕ್ಕೆ ಹೊರಟ. ಹೊರಡೋ ಮುಂಚೆ ಇನ್ನೊಂದು ಹೆಲ್ಮೆಟ್ ತಂದು ಹಿಂದಿನ ಸೀಟಿನ ಪಕ್ಕದ ಕೊಕ್ಕೆಗೆ ನೇತುಹಾಕಿದ. ಹೊಸದು. ಗಾಜಿನ ಮೇಲಿನ ಚೀಟಿ ಕೂಡ ಕಿತ್ತಿಲ್ಲ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಅವನ ಹೆಂಡತಿ ‘ಯಾರಿಗ್ರೀ ಇದು?’ ಅಂದ್ರೆ, ‘ಇರಲಿ’ ಅಂದ.

ಮೊದಲ ರಾತ್ರಿ. ಓಣಿಯ ಕೊನೆ. ಬಾವಿ. ಗೋಡೆ. ಕಾಲೂರಿ ನಿಂತ.

ಟಕ್ ಟಕ್.

ಹೆಲ್ಮೆಟ್ ಮೇಲೆ. ಬೆರಳಿನ ಗೆಣ್ಣು. ಆಮೇಲೆ ಕಿವಿಯ ಹತ್ತಿರ, ಪಿಸುಮಾತಲ್ಲಿ...

‘ರೈಟ್.’

ವೆಲ್ಡರನಿಗೆ ತಿರುಗಿ ನೋಡೋ ಧೈರ್ಯ ಬರಲಿಲ್ಲ. ಗಾಡಿ ತಾನಾಗೇ ಮುಂದೆ ಹೋಯ್ತು ಅಂತಾನೆ. ಬಲಗಡೆಯಿಂದ ಏನೂ ಬರಲಿಲ್ಲ.

ಮರುದಿನವೂ ಟಕ್ ಟಕ್. ‘ರೈಟ್.’ ರಸ್ತೆ ಖಾಲಿ. ಅದರ ಮರುದಿನವೂ.

ನೀವಾಗಿದ್ರೆ ಏನು ಮಾಡ್ತಿದ್ರಿ? ಬೇರೆ ದಾರಿ ಹಿಡೀತಿದ್ರಿ. ಇವನು ಏನು ಮಾಡಿದ ಕೇಳಿ. ಅವನಿಗೆ ಒಳಗೊಳಗೇ ಸಮಾಧಾನ ಆಯ್ತಂತೆ! ಸತ್ತವರಿಗೆ ಎರಡೂ ಕಣ್ಣು ಕಾಣುತ್ತೆ ಅಂದ್ಕೊಂಡ. ಭಾವ ತಪ್ಪು ತಿದ್ದಿಕೊಳ್ಳೋಕೆ ಬಂದಿದಾನೆ, ಮೋಸಗಾರ ಅಲ್ಲ ಅಂತ ತೋರಿಸ್ತಿದಾನೆ ಅಂದ್ಕೊಂಡ. ಭಾವನ್ನ ಮತ್ತೆ ನಂಬೋಕೆ ಅವನಿಗೆ ಅಷ್ಟು ಆಸೆ. ಹನ್ನೊಂದು ರಾತ್ರಿ. ಹನ್ನೊಂದು ರಾತ್ರಿಯೂ ಕತ್ತು ತಿರುಗಿಸಲಿಲ್ಲ. ಕೆಟ್ಟ ಮೇಲಾದ್ರೂ ಬುದ್ಧಿ ಬರುತ್ತೆ ಅಂತಾರೆ. ಇವನಿಗೆ ಅದೂ ಬರಲಿಲ್ಲ, ಮುಠ್ಠಾಳನಿಗೆ.

ಹನ್ನೆರಡನೇ ರಾತ್ರಿ ಚಳಿ ಇತ್ತು. ಓಣಿಯಲ್ಲಿ ಒಂದು ನಾಯಿ ಕೂಡ ಇಲ್ಲ.

ಟಕ್ ಟಕ್.

‘ರೈಟ್.’

ಕೈ ಆಕ್ಸಿಲರೇಟರ್ ತಿರುಗಿಸ್ತು. ಗಾಡಿ ಒಂದು ಗೇಣು ಮುಂದೆ ಸರೀತು. ಆಗ...

ಝಣ್... ಝಣ್...

ಇಂಜಿನ್ ಸದ್ದಿನ ಅಡಿಯಲ್ಲಿ. ಅದೇ ಸದ್ದು.

‘ರೈಟ್...’ ಮತ್ತೆ ಅಂತು ಹಿಂದಿನ ದನಿ. ಸ್ವಲ್ಪ ಗಟ್ಟಿಯಾಗಿ. ಟಕ್ ಟಕ್ ಟಕ್. ‘ರೈಟ್ ರೈಟ್!’

ಬಸ್ಸಿನಲ್ಲಿ ‘ರೈಟ್ ರೈಟ್’ ಅಂದ್ರೆ ಗೊತ್ತಲ್ಲ, ಬೇಗ ಬಿಡು ಅಂತ.

ಕಾಲೊಳಗಿನ ಮುರಿದ ಮೂಳೆ ಚುಳ್ ಅಂತು. ಹ್ಯಾಂಡಲ್ ಹಿಡಿದ ತನ್ನ ಎರಡು ಕೈಗಳನ್ನ ನೋಡ್ಕೊಂಡ. ಅಕ್ಕನ ಮಾತು ನೆನಪಾಯ್ತು. ಬ್ರೇಕ್ ಅದುಮಿದ, ಕಾಲೂರಿದ, ಇಂಜಿನ್ ಆಫ್ ಮಾಡಿದ.

‘ಹೋಲ್ಡಾನ್, ಭಾವ,’ ಅಂದ. ‘ನಾನು ನೋಡ್ತೀನಿ.’

ಮುಂದಕ್ಕೆ ಬಗ್ಗಿ, ಕತ್ತು ಚಾಚಿ, ಬಲಕ್ಕೆ ನೋಡಿದ. ದೀಪ ಇಲ್ಲದ ಟ್ಯಾಂಕರ್ ಮುಂದಿನ ಚಕ್ರದಿಂದ ಒಂದು ಮೊಳ ದೂರದಲ್ಲಿ ಹಾದುಹೋಯ್ತು. ಗಾಳಿಗೆ ಬೈಕು ಅಲ್ಲಾಡ್ತು. ಝಣ್ ಝಣ್ ಅನ್ನೋದು ದೂರ ದೂರ ಹೋಯ್ತು.



ಆಮೇಲೆ ಹಿಂದಿನಿಂದ, ಕಿವಿಗೆ ಉಸಿರು ತಾಗೋ ಅಷ್ಟು ಹತ್ತಿರದಲ್ಲಿ...

‘ರೈಟ್ ಅಂದ್ನಲ್ಲೋ...’

ಬೇಜಾರಿನ ದನಿ. ಪಕ್ಕಾ ಬೇಜಾರಿನ ದನಿ ಅಂತಾನೆ ವೆಲ್ಡರ್. ಅದನ್ನ ಹೇಳುವಾಗ ಅವನಿಗೆ ಕಣ್ಣಲ್ಲಿ ನೀರು ಬರುತ್ತೆ. ದೆವ್ವದ ಭಯಕ್ಕಲ್ಲ. ‘ಸತ್ತ ಮೇಲೂ ಬಿಟ್ಟುಕೊಡಲಿಲ್ಲ ನೋಡಿ. ಕಾಣಲ್ಲ ಕಣೋ ಅಂತ ಒಂದು ಮಾತು ಅನ್ನಬಾರದಿತ್ತಾ?’ ಅಂತಾನೆ.

ಇಳಿದ. ಬೈಕು ತಳ್ಕೊಂಡೇ ಮನೆಗೆ ಬಂದ. ಅವತ್ತಿಂದ ಅಲ್ಲಿ ತಳ್ಳೋದೇ. ತಳ್ಳುವಾಗ ರಸ್ತೆ ತಾನೇ ನೋಡ್ತಾನೆ, ಹಿಂದಿನ ಸೀಟೂ ಕಣ್ಣಿಗೆ ಬೀಳುತ್ತಲ್ಲ.

ಆ ರಾತ್ರಿ ಅವನ ಹೆಂಡತಿ ನಮ್ಮ ಬಾಗಿಲು ಬಡಿದು ಕರೆದ್ಲು. ಟಾರ್ಚ್ ಹಿಡ್ಕೊಂಡು ಹೋದೆ. ವೆಲ್ಡರ್ ಅಂಗಳದಲ್ಲಿ ಕೂತಿದ್ದ. ಬೈಕಿನ ಕಡೆ ಕೈ ತೋರಿಸಿದ. ಕೊಕ್ಕೆಯಲ್ಲಿ ಆ ಹೊಸ ಹೆಲ್ಮೆಟ್, ಗಾಜು ಮುಚ್ಚಿದ್ದು. ಯಾರೂ ಒಂದು ಸಲವೂ ಹಾಕ್ಕೊಂಡಿಲ್ಲದ್ದು. ಟಾರ್ಚ್ ಬಿಟ್ಟೆ. ಗಾಜಿನ ಒಳಗಡೆ ಪೂರ್ತಿ ಉಸಿರಿನ ಮಂಜು. ಒಂದು ಕಡೆ ಮಾತ್ರ, ಹಾಕ್ಕೊಂಡವರ ಎಡಗಣ್ಣಿನ ನೇರಕ್ಕೆ, ಹೆಬ್ಬೆರಳಲ್ಲಿ ಒರೆಸಿದಷ್ಟು ದುಂಡಗೆ ತಿಳಿಯಾಗಿತ್ತು. ಬಲಗಡೆ ಒರೆಸೋ ಗೋಜಿಗೇ ಹೋಗಿರಲಿಲ್ಲ.

ಸುಳ್ಳು ಹೇಳಿ ನನಗೇನಾಗಬೇಕು? ಒರೆಸಿದ್ದು ಒಳಗಡೆಯಿಂದ. ನಾನೇ ಕೈ ಹಾಕಿ ಮುಟ್ಟಿದೀನಿ... ಗಾಜು ಇನ್ನೂ ಬೆಚ್ಚಗಿತ್ತು.