ಟಾಯರ ಮ್ಯಾಲಿನ ಶಿಲುಬಿ

ಅಲ್ಲಲ್ಲ ಮಕ್ಕಳ್ರಾ, ಸೊಂಟನೋವಿಂದ ಗಾಡಿ ಕೆಳಗ ಹೋಗ್ತಿರಲಿಲ್ಲ ಅನ್ನೂದು ಸುಳ್ಳ. ಎಲ್ಲಾರಿಗೂ ಅದನ್ನ ಹೇಳ್ತಿದ್ದೆ, ನಿಮ್ಮ ಆಯಿಗೂ ಅದನ್ನ ಹೇಳಿದ್ದೆ. ಖರೇ ಅಂದ್ರ ನನಗ ಗಾಡಿ ಕೆಳಗ ಹೋಗಾಕ ಅಂಜಿಕಿ. ಆಟೋ ನಗರದ ಗ್ಯಾರೇಜಿನಾಗ ಇಪ್ಪತ್ತ ವರ್ಷದ ಮೇಸ್ತ್ರಿ, ಗಾಡಿ ಕೆಳಗ ಮಲಗಾಕ ಒಲ್ಲೆ. ಒಂದ ಸಲ ಜಾಕ್ ಸರದು ಗಾಡಿ ನನ್ನ ಎದಿ ಮ್ಯಾಲೆ ಕುಂತಿತ್ತು. ಕುಂತಿತ್ತು ಅಂದ್ರ ಪೂರ್ತಿ ಅಲ್ಲ, ಬಾಜೂಕ ಒಂದ ಹಳೇ ಟಾಯರ ಇತ್ತಂತ ನಾಕ ಬೆರಳ ಜಾಗಾ ಉಳೀತು, ಆದ್ರ ಆ ಉಸರ ಕಟ್ಟಿದ್ದು ಮರೀಲಿಲ್ಲ. ಅವತ್ತಿಂದ ಕೆಳಗಿನ ಕೆಲಸೆಲ್ಲಾ ದಸ್ತಗೀರ ಭಾಯ್ ಮ್ಯಾಲೆ ಹಾಕಿದೆ, ನನ್ನ ಜೋಡಿ ಕೆಲಸಾ ಮಾಡಾಂವಾ, ಸಾದಾ ಮನಷಾ, ಸೊಂಟನೋವು ಅಂದದ್ದ ನಂಬಿದಾ. ದಿನಾ ಜಪಸರಾ ಹಿಡದು ಏನ ಬೇಡ್ಕೋತಿದ್ದೆ ಗೊತ್ತೇನ? ‘ಮರಿಯಮ್ಮಾ, ಮಂದಿಗೆ ಗೊತ್ತಾಗದಂಗ ನನ್ನ ಮಾನಾ ಕಾಯವಾ.’ ಅಂಜಿಕಿ ತಗೀ ಅನ್ನಲಿಲ್ಲ ನೋಡ್ರಿ, ಮುಚ್ಚು ಅಂದೆ.

ನಮ್ಮ ಗ್ಯಾರೇಜಿನಾಗ ಒಂದ ಪದ್ಧತಿ ಇತ್ತು. ಕಡೀಕ ಯಾರ ಕೆಳಗ ಹೊಕ್ಕು ಎಲ್ಲಾ ತಪಾಸ ಮಾಡ್ತಾರೋ ಅವರು ಟಾಯರ ಮ್ಯಾಲೆ ಸೀಮಿಸುಣ್ಣದ ಗುರ್ತು ಹಾಕಬೇಕು. ದಸ್ತಗೀರ ಚಂದ್ರ ಬರೀತಿದ್ದಾ, ಕೆಳಗ ಹೋಗ್ತಿದ್ದಾಗ ನಾ ಶಿಲುಬಿ. ಗುರ್ತು ಕಂಡ್ರ ಡ್ರೈವರ ಮತ್ತೇನೂ ಕೇಳ್ತಿರಲಿಲ್ಲ. ಆ ಶುಕ್ರವಾರ ದಸ್ತಗೀರ ನಮಾಜಿಗೆ ಹೋಗಿದ್ದಾ. ಖಾನಾಪುರದ ಪರಶುರಾಮ, ಟೆಂಪೋ ಹೊಡಿಯಾಂವಾ, ಒಂದ ಸವನ ಗಡಬಡಿ: ‘ಇನಾಸಕಾಕಾ, ಲಗೂನ ಕೊಡ್ರಿ, ಖಾಸಬಾಗದಾಗ ಕಾಯಿಪಲ್ಲೆ ಮಾರೂ ಹೆಣ್ಮಕ್ಕಳು ಕಾಯಾಕತ್ತಾರ, ಊರಿಗೆ ಬಿಡಬೇಕು.’ ನಾ ಬಗ್ಗಿದೆ. ಕೆಳಗ ಕತ್ತಲ ಕಂಡ್ತು. ಎದ್ದೆ. ಟಾಯರ ಮ್ಯಾಲೆ ಶಿಲುಬಿ ಬರದೆ. ದೇವರ ಗುರ್ತು ಹಾಕಿ ಸುಳ್ಳ ಹೇಳಿದೆ.

ಗಾಡಿ ಹೋಗಿ ಅರ್ಧ ತಾಸಿಗೆ ದಸ್ತಗೀರ ಬಂದಾ. ‘ಇನಾಸ ಭಾಯ್, ಬ್ರೇಕಿನ ಪೈಪಿಗೆ ನಟ್ಟ ಬರೇ ಕೈಲೆ ತಿರುವಿಟ್ಟಿದ್ದೆ, ಪಾನಾ ಹಾಕಿ ಬಿಗದಿ ಅಲ್ಲಾ?’ ಪರಶುರಾಮಗ ಫೋನ್ ಹಚ್ಚಿದೆ, ಎತ್ತಲಿಲ್ಲ. ಮತ್ತ ಹಚ್ಚಿದೆ, ಎತ್ತಿದಾ. ‘ಮಂದಿ ಗಾಡಿ ಹತ್ತ್ಯಾರ ಕಾಕಾ, ಹೊಂಟೀನಿ.’ ‘ತಡಿಯೋ, ಒಂದ ಪಾನಾ ಗಾಡ್ಯಾಗ ಉಳದೈತಿ’ ಅಂದೆ. ಆಗೂ ಸುಳ್ಳ ನೋಡ್ರಿ, ಆಗೂ. ಅಂವಾ ನಕ್ಕಾ: ‘ನಾಳೆ ತಂದ ಕೊಡ್ತೀನಿ ಬಿಡ್ರಿ.’ ಇಂಜಿನ್ ಚಾಲೂ ಆಗಿದ್ದು ನನಗ ಕೇಳ್ತು. ಗ್ಯಾರೇಜಿನ ಮಂದಿ ಎಲ್ಲಾ ನನ್ನ ಮಾರಿ ನೋಡಾಕತ್ತಿದ್ರು. ‘ದೇವರೇ, ನನ್ನ ಮಾನಾ ಹೋಗಲಿ’ ಅಂತ ಮನಸಿನ್ಯಾಗ ಅಂದು ಒದರಿದೆ: ‘ಪರಶ್ಯಾ, ಇಳಿ. ನಾ ಕೆಳಗ ನೋಡೇ ಇಲ್ಲ. ಅಂಜಿ ನೋಡಿಲ್ಲ. ಬ್ರೇಕ್ ಹಿಡಿಯಾಂಗಿಲ್ಲ.’ ಇಂಜಿನ್ ಬಂದ್ ಆತು.

ದಸ್ತಗೀರ ಸ್ಕೂಟರ್ ತಗದು ನನ್ನ ಹಿಂದ ಕುಂಡ್ರಿಸ್ಕೊಂಡಾ. ಖಾಸಬಾಗ ಮುಟ್ಟೂದ್ರಾಗ ಗಾಡಿ ಕೆಳಗ ಬ್ರೇಕ್ ಆಯಿಲ್ ಅಂಗೈಯಷ್ಟ ಸೋರಿತ್ತು. ಹೆಣ್ಮಕ್ಕಳು ಖಾಲಿ ಬುಟ್ಟಿ ಇಟ್ಕೊಂಡು ರಸ್ತೇದಾಗ ನಿಂತಾರ. ಪರಶುರಾಮ ಟಾಯರ ತೋರಿಸಿದಾ: ‘ಇದನ್ನ ನೋಡಿ ಹದಿನಾಕ ಜನಾ ಹತ್ತಿಸಿದ್ನಿ ಕಾಕಾ.’ ಬೈದಿದ್ರ ಚಲೋ ಇತ್ತು. ಜಾಕ್ ಏರಿಸಿದ್ವಿ, ದಸ್ತಗೀರ ಪಾನಾ ತಗೊಂಡು ಬಗ್ಗಿದಾ. ‘ಬ್ಯಾಡ, ಗುರ್ತು ನಂದು’ ಅಂತ ಇಸ್ಕೊಂಡೆ. ಇಸ್ಕೊಂಡೇನೋ ಖರೇ, ಹೋಗಾಕ ಕಾಲ ಏಳವಲ್ವು. ಒಬ್ಬಾಕಿ ಮುದುಕಿ ಮುಂದ ಬಂದು ಚೀಲ ಹಾಸಿದ್ಲು. ‘ಅಂಜಿಕಿ ಆಗ್ತದನ ತಮ್ಮಾ? ಹೋಗು, ನಾ ಕಾಲ ಹಿಡದಿರ್ತೀನಿ.’ ಮಂದಿ ಮುಂದ, ಅಷ್ಟ ದೊಡ್ಡ ಮೇಸ್ತ್ರಿ, ಒಬ್ಬ ಮುದುಕಿ ಕೈಯಾಗ ಕಾಲ ಕೊಟ್ಟು ಮಲಗಿದೆ. ದಿನಾ ಹೇಳೂ ನಮೋ ಮರಿಯಾ ಜಪಾ ಸುದ್ದಾ ಪೂರ್ತಿ ನೆನಪಾಗಲಿಲ್ಲ. ‘ನನಗ ಆಗವಲ್ದು ಸ್ವಾಮಿ, ನೀ ಹಿಡಕೋ’ ಅಂದೆ, ಅಷ್ಟ. ನಟ್ಟ ಬಿಗೀತು. ಹೊರಗ ಬಂದು ಅಳಾಕ ಹತ್ತಿದೆ.

ಅಂಜಿಕಿ ಹೋತೇನ ಅಂತೀರಿ? ಎಲ್ಲಿ ಹೋಗ್ತದ. ಆಮ್ಯಾಲೂ ಗಾಡಿ ಕೆಳಗ ಹೋಗೂ ಮುಂದ ದಸ್ತಗೀರಗ ‘ಭಾಯ್, ಕಾಲ ಹಿಡಿ’ ಅಂತಿದ್ದೆ, ಅಂವಾ ಹಿಡೀತಿದ್ದಾ. ಅಂಜಿಕಿ ಆದ್ರ ಆಗೇತಿ ಅನ್ರಿ, ದೇವರಿಗೂ ಹೇಳ್ರಿ, ಬಾಜೂಕ ಇದ್ದಾವ್ರಿಗೂ ಹೇಳ್ರಿ. ಮುಚ್ಚಿಟ್ರ ಯಾರ ಹಿಡೀಬೇಕು ನಿಮ್ಮನ್ನ? ಏಳ್ರಿ, ಉಣ್ಣಾಕ ಕರ್ಯಾಕತ್ತಾರ.